ಐರಣಿಯಿಂದ ತಂದ ಕಣ್ಣು

ರಾಣೆಬೆನ್ನೂರಿನಲ್ಲಿ ಸತ್ತವರ ಕಣ್ಣು ತೆರೆಸುವವನೊಬ್ಬನಿದ್ದ ಎಂದರೆ ನೀವು ಯಾರೋ ಮಾಟಗಾರ ಇರಬೇಕು ಅಂದುಕೊಳ್ಳುತ್ತೀರಿ. ಹಾಲಸಿದ್ದಪ್ಪನನ್ನು ಕಂಡವರು ಹಾಗೆ ಅಂದುಕೊಳ್ಳುವಂತಿರಲಿಲ್ಲ. ಐವತ್ತರ ಆಸುಪಾಸಿನ ಸಣಕಲ ಮನುಷ್ಯ. ಬೀಜದ ಕಂಪನಿಯೊಂದರ ಗೋದಾಮಿನಲ್ಲಿ ಪ್ಯಾಕಿಂಗ್ ನೋಡಿಕೊಳ್ಳುವ ಕೆಲಸ. ಪ್ಯಾಂಟಿನ ಮೊಣಕಾಲಿನಿಂದ ಕೆಳಗೆ ವರ್ಷದ ಹನ್ನೆರಡು ತಿಂಗಳೂ ಬೆಕ್ಕಿನ ಕೂದಲು. ಅವನು ಕಣ್ಣು ತೆರೆಸುತ್ತಿದ್ದದ್ದು ಫೋಟೊದಲ್ಲಿ.

ನಮ್ಮ ಕಡೆ ಮಂದಿಗೆ ಒಂದು ಕೆಟ್ಟ ಚಾಳಿ. ಬದುಕಿದ್ದಾಗ ಮುದುಕಿಯ ಒಂದು ಫೋಟೊ ತೆಗೆಸಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ. ಸತ್ತ ಮೇಲೆ ಮೈ ತೊಳೆದು, ಹಣೆಗೆ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂಡಿಸಿ, ಕೊರಳಿಗೆ ಹಾರ ಹಾಕಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. "ಅವ್ವಂದು ಒಂದ್ ಫೋಟೊ ಇಲ್ಲಲ್ಲೋ!" ಆಮೇಲೆ ಓಡುತ್ತಾರೆ ಸ್ಟುಡಿಯೋಕ್ಕೆ. ಹಾಗೆ ತೆಗೆದ ಫೋಟೊದಲ್ಲಿ ಎಲ್ಲ ಇರುತ್ತದೆ, ಕಣ್ಣು ಮಾತ್ರ ಮುಚ್ಚಿರುತ್ತವೆ. ಮುಚ್ಚಿದ ಕಣ್ಣಿನ ಮುಂದೆ ದಿನಾ ದೀಪ ಹಚ್ಚುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ. ಆಗ ಬೇಕಾಗುತ್ತಿದ್ದವನು ಹಾಲಸಿದ್ದಪ್ಪ.

ಅವನಿಗೆ ಈ ಹುಚ್ಚು ಹತ್ತಿದ್ದು ಟೊಮೆಟೊದಿಂದ. ಕಂಪನಿಯ ಆಫೀಸಿನಲ್ಲಿ ಬೀಜದ ಪ್ಯಾಕೆಟ್ಟಿಗೆ ಚಿತ್ರ ಮಾಡುವ ವಿಜಯಮಹಾಂತೇಶ ಎಂಬ ಹುಡುಗನಿದ್ದ. ಮೂರು ಹಣ್ಣು ಬಿಟ್ಟ ಗಿಡದ ಫೋಟೊವನ್ನು ಕಂಪ್ಯೂಟರಿಗೆ ಹಾಕಿ, ಹದಿನೈದು ಹಣ್ಣು ಬಿಡಿಸುತ್ತಿದ್ದ. ಹುಳ ಕೊರೆದ ತೂತಿನ ಮೇಲೆ ಪಕ್ಕದ ಕೆಂಪನ್ನು ತಂದು ಹಚ್ಚಿದರೆ ತೂತು ಮಾಯ. ಇದನ್ನು ಬಾಗಿಲಲ್ಲಿ ನಿಂತು ನೋಡಿದ ಹಾಲಸಿದ್ದಪ್ಪ ಅಂದಿನಿಂದ ಊಟದ ಬಿಡುವಿನಲ್ಲಿ ಡಬ್ಬಿ ಹಿಡಿದುಕೊಂಡು ಅಲ್ಲೇ ಹೋಗಿ ಕೂರತೊಡಗಿದ. ಎರಡು ಸಾವಿರದ ಮೂರರಲ್ಲಿ ಆಫೀಸಿಗೆ ಹೊಸ ಕಂಪ್ಯೂಟರು ಬಂದಾಗ ಹಳೆಯದನ್ನು ಇವನಿಗೇ ಕೊಟ್ಟರು. ಅದನ್ನು ಆಟೊದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ಹೊಸ ಸೊಸೆಯನ್ನು ಕರೆತಂದ ಹಾಗೆ ಮನೆಗೆ ತಂದ.

ಬೆಕ್ಕುಗಳು ಅದಕ್ಕೂ ಮೊದಲೇ ಬಂದಿದ್ದವು. ಬೀಜದ ಗೋದಾಮಿಗೆ ಇಲಿ ಅಂದರೆ ಯಮ, ಅದಕ್ಕೆ ಅಲ್ಲಿ ಬೆಕ್ಕು ಸಾಕಿದ್ದರು. ಒಂದು ಕೆಂಚು ಬೆಕ್ಕು ಖಾಲಿ ಚೀಲದ ಮೇಲೆ ಮರಿ ಹಾಕಿ, ವಾರ ಕಳೆಯುವುದರೊಳಗೆ ಲಾರಿಯ ಗಾಲಿಗೆ ಸಿಕ್ಕಿತು. ಉಳಿದ ಒಂದೇ ಮರಿಯನ್ನು ಹಾಲಸಿದ್ದಪ್ಪ ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ಬಂದ.

"ಇದೇನು ಮನಿಯೋ ಗೋದಾಮೋ?" ಎಂದು ಹೆಂಡತಿ ಪ್ರೇಮವ್ವ ಸೊಂಟದ ಮೇಲೆ ಕೈ ಇಟ್ಟಳು. "ನಾಳೆ ವಾಪಸ್ ಬಿಟ್ಟ ಬರ್ರಿ."

ಆ ನಾಳೆ ಬರಲೇ ಇಲ್ಲ. ಎಂಟು ದಿನದಲ್ಲಿ ಪ್ರೇಮವ್ವನೇ ಹಾಲಿನಲ್ಲಿ ರೊಟ್ಟಿ ನುರಿದು, ಬಟ್ಟೆಯ ಬತ್ತಿ ಅದ್ದಿ ಚೀಪಿಸುತ್ತಿದ್ದಳು. ಕೆಂಚಿ ಎಂದು ಹೆಸರಿಟ್ಟಳು. ಅವರಿಗೆ ಮಕ್ಕಳಿರಲಿಲ್ಲ, ಇಪ್ಪತ್ತೈದು ವರ್ಷ ಆ ಮಾತನ್ನು ಇಬ್ಬರೂ ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ಬದುಕಿದ್ದರು. ಕೆಂಚಿ ಬಂದ ಮೇಲೆ ಮನೆಯಲ್ಲಿ ಬೈಯುವುದಕ್ಕೆ ಒಂದು ಜೀವ ಸಿಕ್ಕಿತು. ಆಮೇಲೆ ಕೆಂಚಿಯ ಮಕ್ಕಳು, ಮೊಮ್ಮಕ್ಕಳು. ದಿನಾ ಸಂಜೆ ನಾಲ್ಕಕ್ಕೆ ಪ್ರೇಮವ್ವ ಜೋಳದ ಡಬ್ಬಿಯ ಪಕ್ಕ ತಟ್ಟೆ ಇಟ್ಟು, ರೊಟ್ಟಿ ನುರಿದು ಹಾಲು ಸುರಿಯುವಳು. ಐದು ಬಾಲಗಳು ಸುತ್ತ ನಿಲ್ಲುತ್ತಿದ್ದವು.

ಹಾಲಸಿದ್ದಪ್ಪ ಅವುಗಳ ಫೋಟೊ ತೆಗೆಯುತ್ತಿದ್ದ. ವಿಜಯಮಹಾಂತೇಶನ ಕ್ಯಾಮೆರಾ ರವಿವಾರ ಇವನದು. ತೆಗೆದದ್ದನ್ನು ಕಂಪ್ಯೂಟರಿಗೆ ಹಾಕಿ ತಿದ್ದಲು ಕೂತರೆ ಹಸಿವೆ ನೀರಡಿಕೆ ಇಲ್ಲ. ಸುಣ್ಣ ಉದುರಿದ ಗೋಡೆ ಅಳಿಸಿದ. ಹಿಂದೆ ಕಾಣುವ ಮುಸುರೆಯ ಪಾತ್ರೆ ಅಳಿಸಿದ. ಕೆಂಚಿಯನ್ನು ಹಿಮಾಲಯದ ತುದಿಗೆ ಕೂಡಿಸಿದ. "ಆಕಿಗೆ ಥಂಡಿ ಹತ್ತತೈತಿ, ಲಗೂನ ಇಳಸ್ರಿ" ಎಂದು ಪ್ರೇಮವ್ವ ನಕ್ಕಳು. ಬೆಕ್ಕನ್ನು ಎತ್ತಿ ಹಿಡಿದ ಅವಳ ಕೈ ಬಂದಿದ್ದರೆ ಕೈ ಅಳಿಸಿದ. ಸೀರೆಯ ನೆರಿಗೆ ಬಂದಿದ್ದರೆ ನೆರಿಗೆ ಅಳಿಸಿದ. ಬೆಕ್ಕಿನ ಫೋಟೊದಲ್ಲಿ ಬೆಕ್ಕು ಮಾತ್ರ ಇರಬೇಕು ಎಂಬುದು ಅವನ ನೇಮ. ಅವಳಿಗೂ ಅದರ ಬಗ್ಗೆ ಬೇಸರವಿರಲಿಲ್ಲ. ಸ್ವಲ್ಪ ಉಬ್ಬುಹಲ್ಲು, ಕ್ಯಾಮೆರಾ ಕಂಡರೆ ಸೆರಗು ಬಾಯಿಗೆ ಹೋಗುತ್ತಿತ್ತು.

ಹೀಗಿರುವಾಗ ಫೋಟೊಗಳಿಗೆ ಕಟ್ಟು ಹಾಕುವ ಮೌಲಾಸಾಬ ಒಂದು ದಿನ ಮನೆಗೆ ಬಂದ. ಅವನ ಕೈಯಲ್ಲಿ ಐರಣಿಯ ಮುದುಕಿಯೊಬ್ಬಳ ಫೋಟೊ ಇತ್ತು, ಗೋಡೆಗೆ ಒರಗಿಸಿ ಕೂಡಿಸಿ ತೆಗೆದದ್ದು.

"ಅಣ್ಣಾರ, ನೀವು ಬೆಕ್ಕಿಗೆ ಹಿಮಾಲಯ ತೋರಿಸಿದ ಮನುಷ್ಯಾರು. ಈ ತಾಯಿಗೆ ಕಣ್ಣು ಕೊಡ್ರಿ. ಮಗ ದುರುಗೇಶ ಅಂಗಡ್ಯಾಗ ಕುಂತು ಅಳಾಕತ್ತಾನ."

ಹಾಲಸಿದ್ದಪ್ಪ ಮೊದಲು ಕ್ಯಾಲೆಂಡರಿನ ಲಕ್ಷ್ಮಿಯ ಕಣ್ಣು ಹಚ್ಚಿ ನೋಡಿದ. ಎಪ್ಪತ್ತು ವರ್ಷದ ಮುದುಕಿ ಕಾಡಿಗೆ ಹಚ್ಚಿಕೊಂಡು ಮದುವೆಗೆ ಹೊರಟಂತೆ ಕಂಡಳು. ಹಿಂದೆ ನಿಂತ ಪ್ರೇಮವ್ವ, "ಪಾಪ, ಆಕಿ ಬೆದರಿದಂಗ ಕಾಣತಾಳ. ಮನಷಾರ ಕಣ್ಣು ಹಚ್ರಿ" ಅಂದಳು.

"ಹಂಗಾರ ನಿನ್ನವ ಕೊಡು."

ಅವಳನ್ನು ಬಾಗಿಲ ಬೆಳಕಿಗೆ ಕೂಡಿಸಿದ. ಸೆರಗು ಬಾಯಿಗೆ ಹೋಯಿತು. ಕಣ್ಣಷ್ಟೇ ಬೇಕಾದದ್ದು ಅಂದ ಮೇಲೆ ಕೆಳಗಿಳಿಯಿತು.

"ನಿಮ್ಮನ್ನ ನೋಡ್ಲೇನ್ರಿ?"

"ನನ್ನ ನೋಡಬ್ಯಾಡ, ನಗತಿ ನೀನು. ಕೆಂಚಿ ಕಡೆ ನೋಡು."

ಕೆಂಚಿ ಜೋಳದ ಡಬ್ಬಿಯ ಬುಡದಲ್ಲಿ ಮೈ ನೆಕ್ಕಿಕೊಳ್ಳುತ್ತ ಕೂತಿತ್ತು. ಪ್ರೇಮವ್ವ ಅದರತ್ತ ನೋಡಿದಳು, ಹಾಲಸಿದ್ದಪ್ಪ ಒತ್ತಿದ. ಅವಳ ಮುಖ ಪೂರ್ತಿಯಾಗಿ, ಸೆರಗಿನ ಅಡ್ಡವಿಲ್ಲದೆ ಬಂದ ಫೋಟೊ ಅದೊಂದೇ. ಅವನು ಕಂಪ್ಯೂಟರಿಗೆ ಹಾಕಿ ಎರಡು ಕಣ್ಣು, ಹುಬ್ಬು ಉಳಿಸಿಕೊಂಡು ಮಿಕ್ಕದ್ದನ್ನು ಕತ್ತರಿಸಿದ. ಹಳೆಯ ಕಂಪ್ಯೂಟರು, ಒಳಗೆ ಬೆಕ್ಕುಗಳೇ ತುಂಬಿಕೊಂಡು ಜಾಗವಿರಲಿಲ್ಲ. ಇಡೀ ಫೋಟೊ ಯಾಕೆ ಬೇಕು ಎಂದು ಕತ್ತರಿಸಿದ್ದನ್ನೇ ಅದರ ಜಾಗದಲ್ಲಿ ಉಳಿಸಿದ.

"ಅಯ್ಯ, ಉಳದದ್ದು ಎಲ್ಲಿ ಹೋತು?" ಎಂದಳು ಪ್ರೇಮವ್ವ.

"ಉಳದದ್ದು ಇಲ್ಲೇ ನನ್ನ ಬೆನ್ನ ಹಿಂದ ನಿಂತೈತೆಲ್ಲ" ಎಂದ ಹಾಲಸಿದ್ದಪ್ಪ, ತಿರುಗಿ ನೋಡದೆ.

ಐರಣಿಯ ಮುದುಕಿಯ ಮುಖದಲ್ಲಿ ಆ ಕಣ್ಣು ಕೂತಾಗ ಮೌಲಾಸಾಬ ಹಣೆ ಮುಟ್ಟಿಕೊಂಡ. ದುರುಗೇಶ ಒಂದು ಚರಿಗೆ ತುಂಬ ಎಮ್ಮೆಹಾಲು ತಂದುಕೊಟ್ಟ. ಹಾಲಸಿದ್ದಪ್ಪ ದುಡ್ಡು ಮುಟ್ಟುತ್ತಿರಲಿಲ್ಲ, ಬೆಕ್ಕಿಗೆ ಹಾಲು ಎಂದರೆ ಬೇಡವೆನ್ನುತ್ತಿರಲಿಲ್ಲ. ಅಲ್ಲಿಂದ ಮುಂದೆ ಗಂಡಸರು ಸತ್ತರೆ ತನ್ನ ಕಣ್ಣು, ಹೆಂಗಸರು ಸತ್ತರೆ ಪ್ರೇಮವ್ವನ ಕಣ್ಣು. ಒಬ್ಬರಿಗೆ ಕೊಂಚ ಹಿಗ್ಗಿಸಿ, ಒಬ್ಬರಿಗೆ ಕುಗ್ಗಿಸಿ, ಒಬ್ಬರ ಹುಬ್ಬಿಗೆ ನರೆ ಬಳಿದು. ನಾಲ್ಕೈದು ವರ್ಷದಲ್ಲಿ ರಾಣೆಬೆನ್ನೂರು, ಕುಮಾರಪಟ್ಟಣ, ಬ್ಯಾಡಗಿಯ ಎಷ್ಟೋ ಗೋಡೆಗಳ ಮೇಲಿಂದ ಅವಳ ಕಣ್ಣು ನೋಡತೊಡಗಿದವು. ಈ ಗುಟ್ಟು ಗೊತ್ತಿದ್ದವರು ಮೂವರೇ: ಗಂಡ, ಹೆಂಡತಿ, ಮೌಲಾಸಾಬ. "ನಮ್ಮವ್ವ ಥೇಟ್ ಹಿಂಗ ನೋಡತಿದ್ಲು" ಎಂದು ಮಕ್ಕಳು ಅತ್ತಾಗ ಮೂವರೂ ತಲೆ ತಗ್ಗಿಸುತ್ತಿದ್ದರು.

ಊರಿಗೆ ಉಪಕಾರಿ ಮನೆಗೆ ಮಾರಿ ಎನ್ನುತ್ತಾರಲ್ಲ, ಆ ಗಾದೆ ಕಟ್ಟಿದವನು ಹಾಲಸಿದ್ದಪ್ಪನನ್ನು ನೋಡಿಯೇ ಕಟ್ಟಿರಬೇಕು. ಎರಡು ಸಾವಿರದ ಎಂಟರ ಮಳೆಗಾಲದಲ್ಲಿ ಸಿಡಿಲು ಹೊಡೆದು ಕಂಪ್ಯೂಟರು ಸುಟ್ಟುಹೋಯಿತು. ಬೆಕ್ಕಿನ ಫೋಟೊಗಳನ್ನೆಲ್ಲ ಅವನು ಸೀಡಿಗೆ ಹಾಕಿಸಿಟ್ಟಿದ್ದ. ಕಣ್ಣನ್ನು ಹಾಕಿಸಿರಲಿಲ್ಲ. ಅದಕ್ಕೇನು, ಇನ್ನೊಂದು ತೆಗೆದರಾಯಿತು ಅಂದ. ನವರಾತ್ರಿಗೆ ಬೇರೆ ಕಂಪ್ಯೂಟರು ಬಂತು. ದೀಪಾವಳಿಯ ಪಾಡ್ಯದ ದಿನ ಪ್ರೇಮವ್ವ ಹಸಿರು ರೇಷ್ಮೆ ಸೀರೆ ಉಟ್ಟು, ತಲೆಗೆ ಹೂ ಮುಡಿದು ತಾನಾಗಿಯೇ ಬಾಗಿಲಲ್ಲಿ ಕೂತಳು.

"ಏನ್ರೀ, ಕಣ್ಣು ತಗೀತೀನಿ ಅಂದಿದ್ರೆಲ್ಲ. ಈ ಸಲ ಇಡೀ ಮಾರಿನೂ ತಗೀರಿ. ಒಂದಾದ್ರೂ ಇರ್ಲಿ."

ಹಾಲಸಿದ್ದಪ್ಪ ಕೆಂಚಿಯ ಮೊಮ್ಮಗಳ ಮೀಸೆಯನ್ನು ಒಂದೊಂದಾಗಿ ತಿದ್ದುತ್ತಿದ್ದ. "ಬೆಳಕ ಇಳದೈತಿ. ನಾಳೆ ತಗೀತೇನಿ."

"ಆತು ಬಿಡ್ರಿ. ನನ್ನ ಮಾರಿ ಎಲ್ಲಿ ಓಡಿ ಹೋಗತೈತಿ" ಎಂದು ಅವಳು ಎದ್ದು ಸೀರೆ ಬದಲಿಸಿ, ಬೆಕ್ಕುಗಳಿಗೆ ರೊಟ್ಟಿ ನುರಿಯಲು ಹೋದಳು.

ಡಿಸೆಂಬರಿನಲ್ಲಿ ಒಂದು ಸಂಜೆ ಅವನು ಕೆಲಸದಿಂದ ಬಂದಾಗ ಪ್ರೇಮವ್ವ ಜೋಳದ ಡಬ್ಬಿಗೆ ಒರಗಿ ಕೂತಿದ್ದಳು. ಎದೆ ನಿಂತು ಒಂದು ತಾಸಾಗಿತ್ತು ಎಂದು ಆಮೇಲೆ ಡಾಕ್ಟರು ಅಂದರು. ಮುಂದೆ ಹಾಲಿನ ತಟ್ಟೆ ಖಾಲಿಯಾಗಿತ್ತು, ಬಡಿಸಿಯೇ ಹೋಗಿದ್ದಳು. ಬೆಕ್ಕುಗಳು ಹೊಟ್ಟೆ ತುಂಬಿಸಿಕೊಂಡು ಅವಳ ಸುತ್ತ ಮಲಗಿದ್ದವು. ಅವಳ ಬೆರಳಿಗೆ ನುರಿದ ರೊಟ್ಟಿ ಇನ್ನೂ ಅಂಟಿತ್ತು. ಹಾಲಸಿದ್ದಪ್ಪ ಅದನ್ನು ತನ್ನ ಅಂಗಿಯಿಂದ ಒರೆಸಿದ, ಮತ್ತೆ ಮತ್ತೆ ಒರೆಸಿದ.

ಬ್ಯಾಡಗಿಯಿಂದ ತಂಗಿ ಮಂಗಳವ್ವ ಉಟ್ಟ ಸೀರೆಯಲ್ಲೇ ಓಡಿ ಬಂದಳು. ಮೆಣಸಿನಕಾಯಿಯ ಸುಗ್ಗಿ, ತೊಟ್ಟು ಮುರಿಯುವ ಕೆಲಸದಿಂದ ಎದ್ದು ಬಂದಿದ್ದಳು. ಕೈಯ ಖಾರ ತೊಳೆದರೂ ಹೋಗದು. ಅಕ್ಕನ ಮುಂದೆ ಅಳುತ್ತ ಕಣ್ಣೊರೆಸಿಕೊಳ್ಳಲಾರದೆ, ಎರಡೂ ಕೈ ದೂರ ಹಿಡಿದುಕೊಂಡು ಅತ್ತಳು. ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿದ ಮೇಲೆ ಅವಳೇ ಕೇಳಿದಳು: "ಮಾಮಾ, ಅಕ್ಕಂದು ಫೋಟೊ ಎಲ್ಲಿ?"

ಓಟಿನ ಕಾರ್ಡಿನಲ್ಲಿ ಒಂದಿತ್ತು, ಅದರಲ್ಲಿ ಅರ್ಧ ಮುಖ ಕಪ್ಪು, ಅರ್ಧ ಮುಖ ಸೆರಗು. ಮೌಲಾಸಾಬ ಕಣ್ಣೀರು ಒರೆಸಿಕೊಳ್ಳುತ್ತಲೇ ಹೆಣದ ಫೋಟೊ ತೆಗೆದ.

ಮಣ್ಣು ಮಾಡಿ ಬಂದ ಮೇಲೆ ಹಾಲಸಿದ್ದಪ್ಪ ಬೆಕ್ಕಿನ ಸೀಡಿಗಳನ್ನೆಲ್ಲ ಹಾಕಿ ನೋಡಿದ. ಮುನ್ನೂರು ನಾನೂರು ಫೋಟೊ. ಪ್ರತಿಯೊಂದರಲ್ಲೂ ಅವಳಿದ್ದಳು, ಪ್ರತಿಯೊಂದರಿಂದಲೂ ಅವನೇ ಅವಳನ್ನು ಅಳಿಸಿದ್ದ. ಎಷ್ಟು ಚೆನ್ನಾಗಿ ಅಳಿಸಿದ್ದನೆಂದರೆ ಒಂದು ಬಳೆಯ ಚೂರೂ ಉಳಿದಿರಲಿಲ್ಲ. ತನ್ನ ಕೈಗೆ ಇಷ್ಟು ಕಸುಬು ಯಾಕೆ ಬಂತೋ ಎಂದು ಅವನು ಆ ಕೈಯನ್ನು ಮೇಜಿಗೆ ಬಡಿದುಕೊಂಡ. ದಿನಾ ನಾಲ್ಕಾದರೆ ಬೆಕ್ಕುಗಳು ಡಬ್ಬಿಯ ಹತ್ತಿರ ಬಂದು ಒದರುತ್ತಿದ್ದವು. ಅವನು ಹಾಕಿದ ರೊಟ್ಟಿಯನ್ನು ಮೂಸಿ, ಬಾಗಿಲ ಕಡೆ ನೋಡಿ, ಆಮೇಲೆ ತಿನ್ನುತ್ತಿದ್ದವು.

ತಿಂಗಳ ಕಾರ್ಯ ಹತ್ತಿರ ಬಂತು. ಮಂಗಳವ್ವ ಮತ್ತೆ ಬಂದಳು. ಫೋಟೊದ ವಿಷಯ ಅವಳು ಬಿಟ್ಟಿರಲಿಲ್ಲ.

"ಊರ ಮಂದಿ ಅವ್ವಗೋಳ ಕಣ್ಣೆಲ್ಲಾ ತೆರಸೀರಿ. ನಮ್ಮ ಅಕ್ಕಗ ಕಣ್ಣ ಮುಚ್ಚಿ ಕುಂದರಸ್ತೀರೇನು ಮಾಮಾ?"

"ನನ್ನ ಕಡೆ ಕಣ್ಣಿಲ್ಲವ್ವ" ಎಂದ ಅವನು.

"ನನ್ನವ ತಗೋರಿ. ಒಂದ ಹೊಟ್ಟ್ಯಾಗ ಹುಟ್ಟೇವಿ. ನಿನ್ನೆಯಿಂದ ಮೆಣಸಿನಕಾಯಿ ಮುಟ್ಟಿಲ್ಲ ನಾನು, ಕೆಂಪಾಗಬಾರದು ಅಂತ."

ಅವಳು ಹಾಗೆ ಒಂದು ದಿನದ ಕೂಲಿ ಬಿಟ್ಟು ಬಂದಿದ್ದಕ್ಕೆ ಹಾಲಸಿದ್ದಪ್ಪ ಬೇಡವೆನ್ನದೆ ಎದ್ದ. ತೆಗೆದ, ಹಚ್ಚಿದ. ಹುಬ್ಬು ಸರಿ ಬಂತು, ಬಣ್ಣ ಸರಿ ಬಂತು. ಆದರೆ ಪರದೆಯ ಮೇಲೆ ಇದ್ದವಳು ಮುದುಕಿಯಾದ ಮಂಗಳವ್ವ. ಮಂಗಳವ್ವನೇ ನೋಡಿ, "ಬ್ಯಾಡ್ರಿ, ಅಳಸ್ರಿ. ನನಗ ನಾನ ಸತ್ತಂಗ ಕಾಣಾಕತ್ತೈತಿ" ಎಂದು ಮುಖ ತಿರುಗಿಸಿದಳು.

ದಾರಿ ತೋರಿಸಿದವನು ಮೌಲಾಸಾಬ. ಅಂಗಡಿಯಲ್ಲಿ ಗಾಜು ಕೊಯ್ಯುತ್ತ ಕೂತವನು ತಲೆ ಎತ್ತಿ ಅಂದ: "ಅಣ್ಣಾರ, ಅಕ್ಕಾರ ಕಣ್ಣು ಎಲ್ಲೂ ಹೋಗಿಲ್ಲ. ಊರೆಲ್ಲಾ ಗ್ವಾಡಿ ಮ್ಯಾಲ ಅದಾವು. ಐರಣಿಗೆ ಹೋಗ್ರಿ. ಮೊದಲನೇದ್ದು ಅದು. ಹಿಗ್ಗಿಸಿಲ್ಲ, ಕುಗ್ಗಿಸಿಲ್ಲ, ಇದ್ದಂಗ ಕುಂದರಿಸೀರಿ."

ಮರುದಿನವೇ ಹಾಲಸಿದ್ದಪ್ಪ ಐರಣಿಯ ಬಸ್ಸು ಹತ್ತಿದ. ದುರುಗೇಶ ಹೊಳೆದಂಡೆಯ ಹೊಲದಲ್ಲಿದ್ದ. ಅವನ ಹೆಂಡತಿ ಸುರೇಖಾ ಒಳಗೆ ಕರೆದು ಚಾಪೆ ಹಾಸಿದಳು. ನಡುಮನೆಯ ಗೋಡೆಯಲ್ಲಿ ಮುದುಕಿಯ ಫೋಟೊ. ಹೂವಿನ ಹಾರ, ಕುಂಕುಮ. ಅದರೊಳಗಿಂದ ಪ್ರೇಮವ್ವ ನೋಡುತ್ತಿದ್ದಳು. ಹಾಲಸಿದ್ದಪ್ಪ ಚಾಪೆಯ ಮೇಲೆ ಕೂರುವುದನ್ನು ಮರೆತು ಅದನ್ನೇ ನೋಡುತ್ತ ನಿಂತ.

"ಕುಂದರ್ರಿ ಕಾಕಾರ, ಬಿಸಲಾಗ ಬಂದೀರಿ" ಎಂದು ಸುರೇಖಾ ನೀರು ಕೊಟ್ಟಳು. ಅವನ ದೃಷ್ಟಿ ಫೋಟೊದಿಂದ ಕದಲದ್ದು ಕಂಡು ತಾನೇ ಮಾತು ತೆಗೆದಳು. "ಒಂದು ಮಾತು ಹೇಳ್ತೇನ್ರಿ. ನಮ್ಮತ್ತಿ ಬದಕಿದ್ದಾಗ ನನ್ನ ಒಂದಿನಾನೂ ನೆಟ್ಟಗ ನೋಡಿದಾಕಿ ಅಲ್ಲ. ಹತ್ತು ವರ್ಷ ಕಣ್ಣಾಗ ಕೆಂಡ. ನೀವು ಫೋಟೊ ಮಾಡಿ ಕೊಟ್ಟ ಮ್ಯಾಲ ನೋಡ್ರಿ, ಎಷ್ಟು ಮಾಯಾದಿಂದ ನೋಡತಾಳ. ಆಕಿ ಮನಸಿನ್ಯಾಗ ನನ್ನ ಮ್ಯಾಲ ಪ್ರೀತಿ ಇತ್ತು, ತೋರಿಸಾಕ ಬರಲಿಲ್ಲ ಅಂತ ಈಗ ತಿಳೀತು. ದಿನಾ ರೊಟ್ಟಿ ಬಡಿಯೋವಾಗ ಆಕಿ ಮುಂದ ಎಲ್ಲಾ ಹೇಳಕೋತೇನಿ."

ಇವು ನಿನ್ನ ಅತ್ತೆಯ ಕಣ್ಣಲ್ಲ ತಾಯಿ, ನನ್ನ ಹೆಂಡತಿಯವು, ಅವನ್ನು ಕೇಳಲು ಬಂದೆ ಎಂಬ ಮಾತು ಹಾಲಸಿದ್ದಪ್ಪನ ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ನುಂಗಿದ. ಹೇಳಿದರೆ ಆ ಮನೆಯಲ್ಲಿ ಅತ್ತೆ ಇನ್ನೊಮ್ಮೆ ಸಾಯುತ್ತಿದ್ದಳು, ಈ ಸಲ ಕೆಂಡದ ಕಣ್ಣಿನವಳಾಗಿ.

"ಬಣ್ಣ ಮಾಸೈತಿ ನೋಡವ್ವ. ನಾಕ ದಿನ ಕೊಟ್ರ ಹೊಸಾದ ಮಾಡಿ ತಂದ ಕೊಡತೇನಿ" ಎಂದು ಸುಳ್ಳು ಹೇಳಿದ.

ಸುರೇಖಾ ತಡವರಿಸಿದಳು. ಆಮೇಲೆ ಫೋಟೊಕ್ಕೆ ನಮಸ್ಕಾರ ಮಾಡಿ ಇಳಿಸಿ, ಹೊಸ ಟವೆಲಿನಲ್ಲಿ ಸುತ್ತಿ ಕೊಟ್ಟಳು. "ಕಣ್ಣು ಮಾತ್ರ ಬದಲಿ ಮಾಡಬ್ಯಾಡ್ರಿ ಕಾಕಾರ. ನಿಮ್ಮ ಕಾಲಿಗೆ ಬೀಳ್ತೇನಿ."

ಬಸ್ಸಿನಲ್ಲಿ ಅವನು ಆ ಗಂಟನ್ನು ಎದೆಗೆ ಒತ್ತಿಕೊಂಡು ಕೂತ. ಪಕ್ಕದವನು "ಏನ್ರಿ ಅದು?" ಎಂದ. "ನಮ್ಮ ಮನಿಯಾಕಿ" ಎಂದುಬಿಟ್ಟ. ಪಕ್ಕದವನು ಒಂದು ಗೇಣು ಆಚೆ ಸರಿದು ಕೂತ.

ಮೌಲಾಸಾಬ ಕಟ್ಟು ಬಿಚ್ಚಿ ಕೊಟ್ಟ, ಇವನು ಸ್ಕ್ಯಾನ್ ಮಾಡಿದ. ಮುದುಕಿಯ ಮುಖದಿಂದ ಕಣ್ಣನ್ನು ಒಂದೊಂದು ಚುಕ್ಕೆಯಾಗಿ ಬಿಡಿಸಿಕೊಂಡ. ಎರಡು ದಿನ ಹಿಡಿಯಿತು. ಕೊನೆಗೆ ಕಣ್ಣು ತಮ್ಮ ಜಾಗದಲ್ಲಿ ಕೂತವು. ಒಂದು ಚೂರು ತಿದ್ದಬೇಕಾಗಲಿಲ್ಲ. ಪರದೆಯ ಮೇಲೆ ಪ್ರೇಮವ್ವ ಬಂದಳು. ಉಬ್ಬುಹಲ್ಲು, ಸೆರಗಿಲ್ಲದ ಬಾಯಿ, ಎಲ್ಲ. ಮಂಗಳವ್ವ "ಅಕ್ಕಾ" ಎಂದು ಕೂಗಿದಳು. ಐರಣಿಯ ಫೋಟೊವನ್ನು ಹೊಸದಾಗಿ ಪ್ರಿಂಟ್ ಹಾಕಿಸಿ, ಹೊಸ ಕಟ್ಟು ಹಾಕಿಸಿ, ಅವನೇ ಹೋಗಿ ಗೋಡೆಗೆ ಹಾಕಿ ಬಂದ. ಸುರೇಖಾ ಹತ್ತಿರ ಹೋಗಿ ಕಣ್ಣು ನೋಡಿ, ಸಮಾಧಾನದಿಂದ ಎಮ್ಮೆಹಾಲಿನ ಚರಿಗೆ ತುಂಬಿಕೊಟ್ಟಳು.

ತಿಂಗಳ ಕಾರ್ಯ ಮುಗಿದು, ಬಂದವರು ಹೋದರು. ಮಂಗಳವ್ವನೂ ಬ್ಯಾಡಗಿಯ ಬಸ್ಸು ಹತ್ತಿದಳು. ಹಾಲಸಿದ್ದಪ್ಪ ಕುರ್ಚಿ ಎಳೆದುಕೊಂಡು ಫೋಟೊದ ಎದುರು ಕೂತ. ತಿಂಗಳಾಯಿತು, ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಾಗಿತ್ತು. ಆದರೆ ಪ್ರೇಮವ್ವ ಅವನನ್ನು ನೋಡುತ್ತಿರಲಿಲ್ಲ. ಅವಳ ನೋಟ ಅವನ ಭುಜದ ಆಚೆ, ಕೆಳಗೆ ಎಲ್ಲೋ ಇತ್ತು. ಕುರ್ಚಿಯನ್ನು ಎಡಕ್ಕೆ ಸರಿಸಿದ, ಬಲಕ್ಕೆ ಸರಿಸಿದ. ಎದ್ದು ನಿಂತ. ಆಗಲೂ ಇಲ್ಲ. ನೋಟ ಹೋದ ಕಡೆ ತಿರುಗಿ ನೋಡಿದರೆ ಜೋಳದ ಡಬ್ಬಿಯ ಬುಡದಲ್ಲಿ ಕೆಂಚಿ ಮಲಗಿತ್ತು.

ನಿಮ್ಮನ್ನ ನೋಡ್ಲೇನ್ರಿ ಎಂದು ಅವಳು ಕೇಳಿದ್ದಳು. ಬೇಡ ಎಂದವನು ತಾನೇ. ಹಾಲಸಿದ್ದಪ್ಪ ಬಾಯಿಗೆ ಟವೆಲು ಹಿಡಿದುಕೊಂಡು ಅತ್ತ. ಅವಳು ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ.

ಇದಾಗಿ ಎರಡು ತಿಂಗಳಿಗೆ ಕುಮಾರಪಟ್ಟಣದಿಂದ ಮತ್ತೊಬ್ಬ ತಾಯಿಯ ಮುಚ್ಚಿದ ಕಣ್ಣಿನ ಫೋಟೊ ಬಂತು. ಹಾಲಸಿದ್ದಪ್ಪ ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೆಯ ದಿನ ಸುರೇಖಾಳ ಮಾತು ನೆನಪಾಗಿ ಎದ್ದು ಕೂತು ಪ್ರೇಮವ್ವನ ಕಣ್ಣನ್ನು ಹಚ್ಚಿದ. ಅದನ್ನು ಒಯ್ಯಲು ಮೌಲಾಸಾಬ ಬಂದಾಗ ಸಂಜೆ ನಾಲ್ಕು ಗಂಟೆ. ಹಾಲಸಿದ್ದಪ್ಪ ಡಬ್ಬಿಯ ಬುಡದಲ್ಲಿ ನೆಲದ ಮೇಲೆ ಕೂತು, ಹಾಲಿನ ತಟ್ಟೆಗೆ ರೊಟ್ಟಿ ನುರಿಯುತ್ತಿದ್ದ. ತೊಡೆಯ ಮೇಲೆ ಕೆಂಚಿ, ಸುತ್ತ ಉಳಿದವು.

"ಮೊಣಕಾಲು ನೋವು ಅಂತೀರಿ, ನೆಲದ ಮ್ಯಾಲ ಯಾಕ ಕುಂತೀರಿ ಅಣ್ಣಾರ? ಕುರ್ಚಿ ಐತೆಲ್ಲ" ಎಂದ ಮೌಲಾಸಾಬ.

ಹಾಲಸಿದ್ದಪ್ಪ ತಲೆ ಎತ್ತಿ ಗೋಡೆಯ ಕಡೆ ನೋಡಿದ.

"ಇಲ್ಲಿ ಕುಂತ್ರ ಆಕಿ ನನ್ನ ನೋಡತಾಳ" ಎಂದ.